ಆಚೆಯೂರಿನ ಕೀಲಿಕೈ

ಒಂದು ಬಯಲು. ಬಯಲಿನ ಈ ಕಡೆಗೊಂದು ಊರು, ಆ ಕಡೆಗೊಂದು ಊರು. ಈ ಕಡೆಯವರು ತಮ್ಮದನ್ನು ಈಚೆಯೂರು ಅನ್ನುತ್ತಿದ್ದರು, ಎದುರಿನದನ್ನು ಆಚೆಯೂರು ಅನ್ನುತ್ತಿದ್ದರು. ಆ ಕಡೆಯವರೇನು ಕಮ್ಮಿಯೇ? ಅವರೂ ತಮ್ಮದನ್ನೇ ಈಚೆಯೂರು ಅನ್ನುತ್ತಿದ್ದರು, ಇವರದನ್ನು ಆಚೆಯೂರು ಅನ್ನುತ್ತಿದ್ದರು. ನಾನು ಆಚೆಯೂರಿನವನು ಅಂತ ತನ್ನ ಬಾಯಿಂದ ಹೇಳಿಕೊಂಡ ಮನುಷ್ಯ ಆ ಬಯಲಿನಲ್ಲಿ ಇವತ್ತಿನವರೆಗೂ ಹುಟ್ಟಿಲ್ಲ. ಆದರೆ ನಮಗೆ ಕತೆ ಸಾಗಬೇಕಲ್ಲ. ಆದ್ದರಿಂದ ಕೀಲಿಯವ್ವ ಯಾವ ಊರಿನವಳೋ ಅದನ್ನೇ ಈಚೆಯೂರು ಅಂದುಕೊಳ್ಳೋಣ, ಇದು ಅವಳ ಕತೆ.

ಎರಡೂ ಊರಿಗೆ ಎತ್ತರದ ಗೋಡೆ. ಗೋಡೆಗೆ ಒಂದೇ ಬಾಗಿಲು. ಆ ಬಾಗಿಲಿಗೆ ಒಳಗಡೆ ಅಗುಳಿಯಿಲ್ಲ, ಚಿಲಕವಿಲ್ಲ, ಬೀಗವೇನಿದ್ದರೂ ಹೊರಗಡೆಗೆ. ಈಚೆಯೂರಿನ ಕೀಲಿಕೈ ಆಚೆಯೂರಿನವನ ಸೊಂಟದಲ್ಲಿ, ಆಚೆಯೂರಿನ ಕೀಲಿಕೈ ಈಚೆಯೂರಿನವಳ ಸೊಂಟದಲ್ಲಿ. ಹೊತ್ತು ಮುಳುಗುವಾಗ ಇವರ ಬಾಗಿಲಿಗೆ ಅವನು ಬೀಗ ಹಾಕಬೇಕು, ಅವರ ಬಾಗಿಲಿಗೆ ಇವಳು ಬೀಗ ಹಾಕಬೇಕು. ಹೊತ್ತು ಹುಟ್ಟುವಾಗ ಇವರದನ್ನು ಅವನು ತೆರೆಯಬೇಕು, ಅವರದನ್ನು ಇವಳು ತೆರೆಯಬೇಕು. ಕತ್ತಲಲ್ಲಿ ಯಾರ ಮೇಲೆ ಯಾರೂ ಬೀಳುವ ಹಾಗಿಲ್ಲ, ಯಾಕೆಂದರೆ ಇಬ್ಬರೂ ಎದುರಾಳಿ ಹಾಕಿದ ಬೀಗದೊಳಗೇ ಮಲಗಿರುತ್ತಾರೆ. ಆ ಧೈರ್ಯದ ಮೇಲೆ ಎರಡೂ ಊರಿನವರು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು.

ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ಗೋಡೆಯೊಳಗೆ ಬಾವಿ ತೋಡಬಾರದು. ಕುಡಿಯುವ ನೀರು ಬಯಲಿನ ನಡುವೆ ಇರುವ ಕೆರೆಯದ್ದೇ ಆಗಬೇಕು. ಯಾಕಪ್ಪಾ ಅಂದರೆ, ಒಳಗೆ ಬಾವಿ ಇಟ್ಟುಕೊಂಡವನು ಎದುರೂರಿಗೆ ಬೀಗ ಹಾಕಿ ಮರೆತುಬಿಡಬಹುದು. ಸಿಟ್ಟಿಗೆ ಅವರು ಇವನ ಬಾಗಿಲನ್ನು ತೆರೆಯದಿದ್ದರೆ ತಾನೆ ಏನು, ಇವನ ಕೊಡ ತುಂಬಿಯೇ ಇರುತ್ತದೆ. ಬಾವಿ ಇಲ್ಲದವನು ಹಾಗೆ ಮಾಡಲಾರ. ಬೆಳಿಗ್ಗೆ ನೀರಡಿಕೆಯಾದಾಗ ಇಬ್ಬರಿಗೂ ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಆ ಬಯಲನ್ನು ಕಾಯುತ್ತಿದ್ದದ್ದು ಗೋಡೆಯಲ್ಲ, ಬೀಗವೂ ಅಲ್ಲ, ಆ ನೀರಡಿಕೆ.

ತಕರಾರು ಬಂದರೆ ಯಾರಿಗಾದರೂ ಹೇಳಿಕೊಳ್ಳೋಣ ಅಂದರೆ ಮೇಲೆ ಯಾರೂ ಇರಲಿಲ್ಲ. ರಾಜನಿಲ್ಲ, ನ್ಯಾಯ ಹೇಳುವ ಪೀಠವಿಲ್ಲ. ಊರಿನ ಮೇಲೆ ಊರಿಲ್ಲ, ಗೋಡೆಯ ಮೇಲೆ ಬರೀ ಆಕಾಶ, ಅಂತ ಎರಡೂ ಕಡೆಯ ಹಿರಿಯರು ಮಕ್ಕಳಿಗೆ ಕಲಿಸುತ್ತಿದ್ದರು. ಮಕ್ಕಳು ಆಟವಾಡುತ್ತಾ ಅದನ್ನೇ ರಾಗ ಎಳೆದು ಹೇಳುತ್ತಿದ್ದವು.

ಕೀಲಿಕೈ ಹಿಡಿದವರು ಮುಂಗಾರಿನಿಂದ ಮುಂಗಾರಿನವರೆಗೆ ಯಾವ ಊರಿನೊಳಗೂ ಕಾಲಿಡುವ ಹಾಗಿಲ್ಲ, ಹುಟ್ಟಿದೂರಿಗೂ ಇಲ್ಲ. ಒಳಗೆ ಹೋದವರ ಕಿವಿಗೆ ನಾಲ್ಕು ಜನ ನಾಲ್ಕು ಮಾತು ಊದುತ್ತಾರೆ, ಕೈ ನಡುಗುತ್ತದೆ, ಬೀಗ ತಪ್ಪುತ್ತದೆ. ಅದಕ್ಕೇ ಅವರಿಗೆ ಕೆರೆಯ ಪಕ್ಕದ ಕಲ್ಲುಮಂಟಪವೇ ಮನೆ. ಊರಿನವರ ಜೊತೆ ಮಾತೇನಿದ್ದರೂ ಹೊಸ್ತಿಲಿನ ಹೊರಗೆ ನಿಂತು ಆಡಬೇಕು.

ಈಚೆಯೂರಿನಿಂದ ಆ ವರ್ಷ ಹೋದವಳು ಕೀಲಿಯವ್ವ. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು. ಇವಳು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದಾಗ ಮಗಳಿಗೆ ಆಗಷ್ಟೇ ಬಯಕೆ ವಾಂತಿ ಶುರುವಾಗಿತ್ತು. ಹೆರಿಗೆಯಾದ ದಿನ ಕೀಲಿಯವ್ವ ಊರ ಬಾಗಿಲ ಹೊರಗೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಸೂಲಗಿತ್ತಿ ಹೊಸ್ತಿಲಿಗೆ ಬಂದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗವ್ರೆ. ಹೋಗಿ ಒಂದು ಮುದ್ದೆ ತಿನ್ನು, ಬೆಳಿಗ್ಗೆಯಿಂದ ನಿಂತಿದೀಯ," ಅಂದಿದ್ದಳು. ಬಾಣಂತಿ ಗಂಗೆಪೂಜೆಯ ದಿನ ಕೂಸನ್ನೆತ್ತಿಕೊಂಡು ಕೆರೆಗೆ ಬರುತ್ತಾಳೆ, ಅಲ್ಲಿಯವರೆಗೆ ಹೊಸ್ತಿಲು ದಾಟುವ ಹಾಗಿಲ್ಲ. ಹಾಗಾಗಿ ಮೊಮ್ಮಗಳನ್ನು ಕೀಲಿಯವ್ವ ಇನ್ನೂ ಕಣ್ಣಲ್ಲಿ ಕಂಡಿರಲಿಲ್ಲ. ಗಂಗೆಪೂಜೆ ಯಾವತ್ತು ಅನ್ನುವುದೊಂದೇ ಅವಳ ಧ್ಯಾನವಾಗಿತ್ತು.

ಆಚೆಯೂರಿನಿಂದ ಬಂದವನು ಕೀಲಿಯಜ್ಜ. ಮಾತು ಕಮ್ಮಿ, ಕೆಮ್ಮು ಜಾಸ್ತಿ. ಇವಳಿಗೆ ಅವನು ಅಣ್ಣ, ಅವನಿಗೆ ಇವಳು ತಂಗಿ. ಒಂದೇ ಒಲೆ, ಬೇರೆ ಬೇರೆ ಮಡಕೆ. ಅವನ ಸಾರು ಇವಳಿಗೆ ಸಪ್ಪೆ, ಇವಳ ಸಾರು ಅವನಿಗೆ ಖಾರ. ಆದರೂ ಇಬ್ಬರೂ ದಿನಾ ಒಂದೊಂದು ಸೌಟು ಬದಲಾಯಿಸಿಕೊಂಡು, ಮುಖ ಸಿಂಡರಿಸಿಕೊಂಡು ಉಣ್ಣುತ್ತಿದ್ದರು. ಬೆಳಗಾಗುತ್ತಲೇ ಅವಳು ಆ ಕಡೆಗೆ, ಅವನು ಈ ಕಡೆಗೆ. ಕೀಲಿಕೈಯನ್ನು ಬೀಗಕ್ಕೆ ತೂರಿಸಿ, ಇನ್ನೇನು ತಿರುಗಿಸಬೇಕು ಅನ್ನುವಾಗ ಶಂಖ ಊದಬೇಕು. ಇವಳ ಶಂಖ ಅವನಿಗೆ ಕೇಳಬೇಕು, ಅವನ ಶಂಖ ಇವಳಿಗೆ ಕೇಳಬೇಕು. ಆಮೇಲೆ ತಿರುಗಿಸಬೇಕು. ಅಷ್ಟು ದೂರಕ್ಕೆ ಒಬ್ಬರ ಕೈ ಒಬ್ಬರಿಗೆ ಕಾಣುತ್ತಿರಲಿಲ್ಲ. ಶಂಖದ ದನಿಯನ್ನು ನಂಬಿಯೇ ಎರಡು ಊರಿನ ಬೆಳಗಾಗುತ್ತಿತ್ತು.

ಎರಡೂ ಗೋಡೆಯ ಮೇಲೆ ಒಬ್ಬೊಬ್ಬ ನೋಡುಗ. ಎದುರೂರನ್ನು ನೋಡುವುದು ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ. ದಿನವಿಡೀ ನೋಡಿ ಸಂಜೆಗೆ ಏನೂ ಕಾಣಲಿಲ್ಲ ಅಂದರೆ ಊಟ ಹಾಕುವವರಿಗೂ ಬೇಜಾರು, ಅವನಿಗೂ ನಾಚಿಕೆ. ಅಂತೂ ಒಂದು ದಿನ ಈಚೆಯೂರಿನ ನೋಡುಗನಿಗೆ ಕಾಣಬಾರದ್ದು ಕಂಡಿತು. ಆಚೆಯೂರಿನ ಹೆಂಗಸರು ನೀರಿಗೆ ಬರುವಾಗ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದರು. ಬುಟ್ಟಿಯ ಮೇಲೆ ಸೊಪ್ಪು, ಸೊಪ್ಪಿನ ಕೆಳಗೆ ಹಸಿ ಕೆಂಪು ಮಣ್ಣು. ಅದನ್ನು ಹಳ್ಳದ ಪೊದೆಗೆ ಸುರಿದು, ಬುಟ್ಟಿ ಕೊಡವಿಕೊಂಡು, ಅತ್ತಿತ್ತ ನೋಡಿ ಹೋಗುತ್ತಿದ್ದರು.

ಅವತ್ತೇ ಈಚೆಯೂರಿನ ಯಜಮಾನ ಕೀಲಿಯವ್ವನನ್ನು ಹೊಸ್ತಿಲಿಗೆ ಕರೆಸಿದ. ಅವನು ಒಳಗೆ, ಅವಳು ಹೊರಗೆ.

"ಏನವ್ವ, ಆಚೆಯೋರು ಮಣ್ಣು ಹೊರ್ತವ್ರಂತೆ?"

"ಹೊರ್ತವ್ರೆ ಯಜಮಾನ್ರೇ. ನಾನೂ ನೋಡ್ದೆ."

"ಯಾಕಂತೆ?"

"ನಾನು ಕೇಳಲಿಲ್ಲ."

"ಸೊಪ್ಪು ಮುಚ್ಕೊಂಡು ಮಣ್ಣು ಹೊರೋರು ಜಗುಲಿ ಕಟ್ಟೋಕೆ ಹೊರ್ತಾರಾ? ಬಾವಿ ತೋಡ್ತವ್ರೆ ಕಣವ್ವ. ನೀರು ಬಿದ್ದ ಮಾರನೇ ದಿನ ಆ ಮುದುಕ ನಮ್ಮ ಬಾಗಿಲು ತೆರೆಯೋದಿಲ್ಲ. ನಾವು ಒಳಗೇ ನಾಲಿಗೆ ಒಣಗಿಸ್ಕೊಂಡು ಸಾಯ್ತೀವಿ."

"ನೋಡದೇ ಹೆಂಗೆ ಹೇಳೋದು ಯಜಮಾನ್ರೇ?"

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಹಂಗಾಗೋದು ಬೇಡ. ಬಾಯಾರಿದಾಗ ಬಾವಿ ತೋಡೋಕಾಗಲ್ಲ," ಅಂದ ಯಜಮಾನ, ತಿರುಗಿ ಒಳಗೆ ನಡೆದ.

ಅವನು ಕೆಟ್ಟವನಲ್ಲ. ಅವನ ಜಾಗದಲ್ಲಿ ನೀವಿದ್ದರೂ ನಾನಿದ್ದರೂ ಅದನ್ನೇ ಮಾಡುತ್ತಿದ್ದೆವೋ ಏನೋ. ಈಚೆಯೂರಿನವರು ಊರ ನಡುವಿನ ಕಣದಲ್ಲಿ ಚಪ್ಪರ ಹಾಕಿ, ಅದರಡಿ ಬಾವಿ ತೋಡಲು ಶುರುಮಾಡಿದರು. ಬುದ್ಧಿವಂತರು ಇವರು, ಮಣ್ಣನ್ನು ಹೊರಗೆ ಹೊರಲಿಲ್ಲ. ತೆಗೆದ ಮಣ್ಣನ್ನೆಲ್ಲ ಮನೆಮನೆಗೆ ಹಂಚಿ ನೆಲಕ್ಕೆ ಹಾಕಿ, ಬಡಿದು ಧಮ್ಮಸ್ಸು ಮಾಡಿದರು. ಬಾವಿ ಇಳಿದ ಹಾಗೆ ಮನೆಗಳ ನೆಲ ಏರಿತು. ನೆಲ ಏರಿದ ಹಾಗೆ ಬಾಗಿಲು ಕುಳ್ಳಾಯಿತು. ಎತ್ತರದವರು ತಮ್ಮ ಮನೆಗೆ ತಾವೇ ತಲೆ ಬಗ್ಗಿಸಿಕೊಂಡು ಹೋಗತೊಡಗಿದರು. ಹೊಸ್ತಿಲಿಗೆ ಬಂದ ಯಜಮಾನನ ಹಣೆಯ ಮೇಲೆ ಬುಗುಟೆದ್ದಿದ್ದನ್ನು ನೋಡಿದಾಗಲೇ ಕೀಲಿಯವ್ವನಿಗೆ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಯಿತು.

ಆ ಸಂಜೆ ಬೀಗ ಹಾಕಿ ಬಂದು ಒಲೆ ಹಚ್ಚಿದಳು. ಕೀಲಿಯಜ್ಜ ತನ್ನ ಮಡಕೆಯನ್ನು ಮುಟ್ಟಿಯೇ ಇರಲಿಲ್ಲ. ನಾಲ್ಕಾರು ದಿನದಿಂದ ಹಾಗೇ, ಮಂಟಪದ ಕಂಬಕ್ಕೆ ಒರಗಿ ತನ್ನೂರಿನ ಗೋಡೆಯನ್ನು ನೋಡುತ್ತಾ ಕೂತುಬಿಡುತ್ತಿದ್ದ.

"ಅಣ್ಣಾ, ಒಂದು ಮಾತು ಕೇಳ್ತೀನಿ. ನಿಮ್ಮೋರು ಬಾವಿ ತೋಡ್ತವ್ರಾ?"

ಅಜ್ಜ ಕೆಮ್ಮಿದ.

"ನಮ್ಮೋರು ಹಂಗಂತ ಹೆದರವ್ರೆ. ಹೆದರಿದೋರು ಸುಮ್ನೆ ಕೂರಲ್ಲ."

"ಗುಂಡಿ ತೋಡ್ತಿರೋದು ನಿಜ," ಅಂದ ಅಜ್ಜ. "ಬಾವಿಯಲ್ಲ."

ಆಮೇಲೆ ಅವನು ಹೇಳಿದ್ದನ್ನು ಕೇಳಿ ಅವಳ ಸೌಟು ಮಡಕೆಯಲ್ಲೇ ನಿಂತಿತು. ಆಚೆಯೂರಿಗೆ ಜ್ವರ ಬಂದಿತ್ತು. ಮೊದಲು ಮಕ್ಕಳು, ಆಮೇಲೆ ಮಕ್ಕಳನ್ನು ನೋಡಿಕೊಂಡವರು. ಒಂದೇ ಚೊಂಬಿಗೆ ಬಾಯಿಟ್ಟವರು ಒಬ್ಬರ ಹಿಂದೆ ಒಬ್ಬರು ಮಲಗುತ್ತಿದ್ದರು. ಸತ್ತವರನ್ನು ಬಯಲಿನ ದಿಬ್ಬಕ್ಕೆ ತಂದು ಎಲ್ಲರಿಗೂ ಕಾಣುವ ಹಾಗೆ ಮಣ್ಣು ಮಾಡುವುದು ಎರಡೂ ಊರಿನ ಪದ್ಧತಿ. ಆಚೆಯೂರಿನವರು ಅದನ್ನು ಬಿಟ್ಟು ಹಿತ್ತಲಲ್ಲೇ ಹೂಳುತ್ತಿದ್ದರು. ಇಕ್ಕಟ್ಟಿನ ಹಿತ್ತಲು, ಉಳಿದ ಮಣ್ಣಿಗೆ ಜಾಗವಿಲ್ಲ. ಆ ಮಣ್ಣೇ ಬುಟ್ಟಿಯಲ್ಲಿ ಹೊರಗೆ ಬರುತ್ತಿತ್ತು.

"ದಿಬ್ಬಕ್ಕೆ ತಂದ್ರೆ ನಿಮ್ಮ ನೋಡುಗ ಎಣಿಸ್ತಾನಲ್ಲ ತಂಗಿ," ಅಂದ ಅಜ್ಜ. "ಬಾವಿ ಅಂದ್ಕೊಂಡ್ರೆ ಹೆದರ್ತೀರಿ. ಹೆದರಿ. ಹೆದರಿದೋರು ದೂರ ಇರ್ತಾರೆ ಅಂತ ನಮ್ಮೂರ ಹಿರಿಯಳ ಲೆಕ್ಕ. ಬಾಗಿಲು ಕಾಯೋಕೆ ಗಂಡಾಳಿಲ್ಲ ಅಂತ ಗೊತ್ತಾದ್ರೆ ಸುಮ್ನಿರ್ತೀರಾ?"

"ನಿನ್ನ ಮನೆಯೋರು?"

"ಸೊಸೆ ಹೋದ್ಲು. ಮೊಮ್ಮಗ ಉಸಿರು ಹಿಡ್ಕೊಂಡವ್ನೆ. ಹೊಸ್ತಿಲಲ್ಲಿ ನಿಂತು ಕೇಳ್ಕೊಂಡು ಬರ್ತೀನಿ, ಇನ್ನೇನು ಮಾಡ್ಲಿ." ಅಜ್ಜ ಅವಳ ಸೊಂಟದ ಕಡೆ ಕೈ ತೋರಿಸಿದ. "ಆ ಕೀಲಿಕೈ ಮುಟ್ಟಿ ಹೇಳು. ಈ ಮಾತು ನಿನ್ನ ಹೊಟ್ಟೆಯೊಳಗೇ ಇರ್ಬೇಕು."

ಅವಳು ಕೀಲಿಕೈ ಮುಟ್ಟಿದಳು. ಆ ಗಳಿಗೆಯಲ್ಲಿ ಮನಸ್ಸಿಟ್ಟೇ ಮುಟ್ಟಿದಳು.

ಗಂಗೆಪೂಜೆಯ ಹಿಂದಿನ ದಿನ. ಹೊತ್ತು ಇನ್ನೂ ಇಳಿದಿರಲಿಲ್ಲ, ಯಜಮಾನ ಮತ್ತೆ ಹೊಸ್ತಿಲಿಗೆ ಬಂದ. ಅವನ ಪಂಚೆಯ ಅಂಚು ಒದ್ದೆಯಾಗಿತ್ತು. ಹಿಂದೆ ಈಟಿ ಹಿಡಿದ ಕಾವಲಿನವರು ನಿಂತಿದ್ದರು.

"ನೀರು ಬಿತ್ತು ಕಣವ್ವ," ಅಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ, ಸುಸ್ತಿತ್ತು. "ಇವತ್ತು ಸಂಜೆ ಆಚೆಯೂರಿಗೆ ಬೀಗ ಹಾಕು. ನಾಳೆ ಬೆಳಿಗ್ಗೆ ತೆರೀಬೇಡ."

"ತೆರೀಬೇಡ ಅಂದ್ರೆ?"

"ತೆರೀಬೇಡ ಅಂದ್ರೆ ತೆರೀಬೇಡ. ನಾಳೆ, ನಾಡಿದ್ದು, ನಾವು ಹೇಳೋವರೆಗೆ. ಅವರು ಮೊದಲು ಮಾಡೋದನ್ನ ನಾವು ಮೊದಲು ಮಾಡ್ತೀವಿ, ಅಷ್ಟೇ. ಮುದುಕ ನಮ್ಮ ಬಾಗಿಲು ತೆರೀದಿದ್ರೆ ಬೇಡ, ನಮಗೆ ನೀರಿದೆ. ಅವನ ಸೊಂಟದ ಕೀಲಿಕೈ ಆಮೇಲೆ ನೀನೇ ಕಿತ್ಕೊಂಡ್ರಾಯ್ತು."

"ನಾಳೆ ನನ್ನ ಮಗಳ ಗಂಗೆಪೂಜೆ ಯಜಮಾನ್ರೇ."

"ಒಳಗಿನ ಬಾವಿಗೇ ಪೂಜೆ ಮಾಡ್ತಾಳೆ. ಹೊಸ ಗಂಗೆ, ಒಳ್ಳೇದೇ ಆಯ್ತು."

ಕೀಲಿಯವ್ವ ಆಚೆಯೂರಿನ ಕಡೆ ತಿರುಗಿ ನೋಡಿದಳು. ಗೋಡೆಯ ಆಚೆ ಒಣಗಿದ ತುಟಿಯ ಮಕ್ಕಳು, ಜ್ವರದ ನೀರಡಿಕೆ. ಒಂದು ದಿನ ಬಾಗಿಲು ತೆರೆಯದಿದ್ದರೆ ಅಲ್ಲಿ ಹೂಳುವುದಕ್ಕೂ ಜನ ಉಳಿಯುವುದಿಲ್ಲ. ಅತ್ತ ಆಣೆ, ಇತ್ತ ಅಪ್ಪಣೆ. ಇವರು ಹೆದರಿರುವುದು ಬಾವಿಗೆ ತಾನೆ, ಬಾವಿ ಇಲ್ಲ ಅಂತ ಗೊತ್ತಾದರೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದರೆ ಬಾಗಿಲು ತೆರೆಯುತ್ತದೆ. ಪಾಪ, ಅವಳ ಲೆಕ್ಕ ಇಷ್ಟೇ.

"ಅದು ಬಾವಿಯಲ್ಲ ಯಜಮಾನ್ರೇ," ಅಂದುಬಿಟ್ಟಳು. "ಹೆಣ ಹೂಳೋ ಗುಂಡಿ. ಊರಿಗೇ ಜ್ವರ ಬಂದದೆ. ಅವರು ನಮ್ಮ ಮೇಲೆ ಬರೋದಿರಲಿ, ಎದ್ದು ನಿಲ್ಲೋಕೂ ಆಗ್ತಿಲ್ಲ."

ಯಜಮಾನ ಹಣೆಯ ಬುಗುಟನ್ನು ಒತ್ತಿಕೊಂಡ. ಅವನ ಮುಖದ ಗಂಟು ಒಂದೊಂದೇ ಸಡಿಲವಾಗುವುದನ್ನು ನೋಡಿ ಕೀಲಿಯವ್ವ ಬದುಕಿದೆ ಅಂದುಕೊಂಡಳು.

"ಕಾವಲಿಗೆ ಆಳಿಲ್ಲ ಅಂತೀಯ?"

"ಇಲ್ಲ. ನಾನು ಆಣೆ ಮುರಿದು ಹೇಳ್ತಿದೀನಿ."

"ಸರಿ ಹಂಗಾದ್ರೆ," ಅಂದ ಯಜಮಾನ. "ತೆರೀಲೇಬೇಡ. ಬಾವಿ ಇದ್ದಿದ್ರೆ ಹತ್ತು ದಿನ ತಡ್ಕೊಂಡಿರೋರು. ಈಗ ಎರಡು ದಿನ ಸಾಕು. ಇಷ್ಟು ವರ್ಷ ಎದುರಿಗಿದ್ದ ಗೋಡೆ ಒಂದು ಈಟಿಯೂ ಮುರೀದೇ ನಮ್ಮದಾಗ್ತದೆ. ನಮ್ಮ ಮಕ್ಕಳು ಇನ್ನು ಯಾರಿಗೂ ಹೆದರಬೇಕಾಗಿಲ್ಲ."

"ಸಾಯ್ತಾರೆ ಯಜಮಾನ್ರೇ."

"ಅವರಿಗೆ ಈ ಅವಕಾಶ ಸಿಕ್ಕಿದ್ರೆ ನಮ್ಮನ್ನ ಬಿಡ್ತಿದ್ರಾ? ಊರಿನ ಮೇಲೆ ಊರಿಲ್ಲ ಕಣವ್ವ. ನಮ್ಮನ್ನ ನಾವೇ ನೋಡ್ಕೋಬೇಕು." ಹೋಗುವ ಮೊದಲು ಅವನು ತಿರುಗಿ ನಿಂತ. "ನೀನು ತೆರೆದ್ರೆ ಈ ಹೊಸ್ತಿಲು ನಿನಗಿಲ್ಲ. ಮಗಳು ಮೊಮ್ಮಗಳು ಇಲ್ಲೇ ಇರ್ತಾರೆ, ನೀನು ಅಲ್ಲೇ ಇರ್ತೀಯ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಜ್ಜನ ಗುಟ್ಟನ್ನು ಗುರಾಣಿ ಅಂತ ಕೊಡಲು ಹೋಗಿ ಅವನ ಊರನ್ನೇ ಹಿಡಿದು ಕೊಟ್ಟಿದ್ದಳು. ಕೀಲಿಯವ್ವ ಆಚೆಯೂರಿಗೆ ಹೋಗಿ ಬೀಗ ಹಾಕಿದಳು. ಕೀಲಿಕೈ ತಿರುಗಿಸುವಾಗ ಒಳಗೆ ಯಾವುದೋ ಕೂಸು ಅಳುತ್ತಿರುವುದು ಕೇಳಿತು, ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ.

ಮಂಟಪಕ್ಕೆ ಬಂದವಳು ಕೂರಲಿಲ್ಲ. ಕೀಲಿಯಜ್ಜನ ಎದುರಿಗೆ ನಿಂತು ಒಂದೂ ಬಿಡದೆ ಹೇಳಿದಳು. ಬಾವಿ ಹೇಳಿದಳು, ಅಪ್ಪಣೆ ಹೇಳಿದಳು, ತಾನು ಆಣೆ ಮುರಿದದ್ದನ್ನೂ ಹೇಳಿದಳು.

ಅಜ್ಜ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಡುವಣದಲ್ಲಿ ಇನ್ನೂ ಕೆಂಪಿತ್ತು. ಅವನು ಎದ್ದು, ಕೋಲೂರಿಕೊಂಡು, ತನ್ನೂರಿನ ಬಾಗಿಲಿಗೆ ಹೋದ. ಬೀಗ ಹಾಕಿದ ಬಾಗಿಲಿನ ಸಂದಿಗೆ ಬಾಯಿಟ್ಟು ಒಳಗಿನವರ ಜೊತೆ ಮಾತಾಡಿದ. ಕತ್ತಲು ಕವಿಯುವಷ್ಟರಲ್ಲಿ ತಿರುಗಿ ಬಂದ.

"ನಮ್ಮೋರಿಗೆ ಹೇಳಿದೆ," ಅಂದ. "ಹೇಳದೇ ಇರೋಕಾಗಲ್ಲ, ನಾನು ಆ ಊರಿನೋನು."

"ಏನಂದ್ರು?"

"ನಾಳೆ ಈಚೆಯೂರನ್ನ ತೆರೀಬೇಡ ಅಂದ್ರು." ಅವಳೂರನ್ನು ಅವಳು ಕರೆಯುವ ಹಾಗೇ ಈಚೆಯೂರು ಅಂತ ಅವನು ಹೇಳಿದ್ದು ಅದೇ ಮೊದಲು. ಅವಳಿಗೆ ಅಳು ಬಂತು.

"ನೀನೇನ್ ಮಾಡ್ತೀಯಣ್ಣ?"

"ನೀನೇನ್ ಮಾಡ್ತೀಯ?"

ಇಬ್ಬರೂ ಹೇಳಲಿಲ್ಲ. ಗೋಡೆಯಿದ್ದದ್ದು ಊರುಗಳಿಗೆ, ಅವತ್ತು ಮಂಟಪದೊಳಗೂ ಒಂದು ಎದ್ದಿತು. ಒಲೆ ಹಚ್ಚದೇ ಮಲಗಿದರು.

ಬೆಳಗಾಯಿತು. ಅವಳು ಆ ಕಡೆಗೆ, ಅವನು ಈ ಕಡೆಗೆ. ದಿನದ ಹಾಗೇ ಹೊರಟರು, ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಡೆಯುತ್ತಾ ಅವಳ ತಲೆಯಲ್ಲಿ ಬರೀ ಲೆಕ್ಕ. ನಾನು ತೆರೆದು ಅವನು ತೆರೆಯದಿದ್ದರೆ? ನನ್ನೂರು ಒಳಗೇ ಉಳಿಯುತ್ತದೆ, ಮಗಳ ಕಣ್ಣಿಗೆ ನಾನು ಊರು ಮಾರಿದವಳಾಗುತ್ತೇನೆ. ನಾನು ತೆರೆಯದೆ ಅವನು ತೆರೆದರೆ? ಮಗಳು ಕೂಸೆತ್ತಿಕೊಂಡು ಕೆರೆಗೆ ಬರುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ, ನಿನ್ನೆ ಸಂಜೆ ಬಾಗಿಲೊಳಗೆ ಕೇಳಿದ ಆ ಅಳು ನಿಂತುಹೋಗುತ್ತದೆ. ಹಾಳು ಲೆಕ್ಕ, ಎಷ್ಟು ಸಲ ಹಾಕಿದರೂ ಕೊನೆಗೆ ಒಂದು ಕೂಸು ಅಳುತ್ತಲೇ ಇತ್ತು.

ಆಚೆಯೂರಿನ ಬಾಗಿಲ ಮುಂದೆ ನಿಂತಳು. ಬಿಸಿಲು ಗೋಡೆಯ ತಲೆ ಮುಟ್ಟಿತು. ಕೀಲಿಕೈ ತೂರಿಸಿದಳು. ತೆರೆಯದ ದಿನ ಶಂಖ ಊದುವ ಹಾಗಿಲ್ಲ, ಊದಿದ ಮೇಲೆ ತೆರೆಯದೇ ಇರುವ ಹಾಗಿಲ್ಲ, ಆ ಬಯಲಿನಲ್ಲಿ ಯಾರೂ ಸುಳ್ಳು ಶಂಖ ಊದಿರಲಿಲ್ಲ. ಅವಳು ಶಂಖ ಎತ್ತಿ, ಇದ್ದ ಉಸಿರನ್ನೆಲ್ಲ ಅದಕ್ಕೆ ಸುರಿದಳು.

ಆ ಕಡೆಯಿಂದ ಏನೂ ಕೇಳಲಿಲ್ಲ. ಕೆರೆಯ ಮೇಲೆ ಒಂದು ಹಕ್ಕಿ ಕೂಗಿಕೊಂಡು ಹೋಯಿತು. ಅವಳು ಕಾದಳು. ಇನ್ನು ಬರುವುದಿಲ್ಲ ಅಂದುಕೊಂಡು, ಬರದಿದ್ದರೂ ತಿರುಗಿಸುತ್ತೇನೆ ಅಂತ ಹಲ್ಲು ಕಚ್ಚಿ ಕೀಲಿಕೈ ತಿರುಗಿಸುವಾಗ, ದೂರದಿಂದ, ಕೆಮ್ಮಿನಿಂದ ಕಡಿದ, ಮುದಿ ಉಸಿರಿನ ಶಂಖ ಕೇಳಿತು. ಬೀಗ ಬಿಚ್ಚಿತು. ಎರಡೂ ಕೈಯಿಂದ ಬಾಗಿಲು ನೂಕಿದಳು.

ಬಾಗಿಲು ಅಲುಗಲಿಲ್ಲ.

ಅಗುಳಿಯಿಲ್ಲದ ಬಾಗಿಲು. ಆದರೆ ಅಜ್ಜನ ಮಾತು ಕೇಳಿದವರು ಒರಳು, ಬೀಸುವ ಕಲ್ಲು, ಮುರಿದ ಗಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಒಳಗಿನಿಂದ ಒಟ್ಟಿದ್ದರು. ಈಚೆಯೂರಿನವಳು ಬಾಗಿಲು ತೆರೆದರೆ ಅದು ನೀರಿಗಲ್ಲ, ಈಟಿಗೆ, ಅಂತ ಅವರು ತೀರ್ಮಾನ ಮಾಡಿಯಾಗಿತ್ತು. ಎಷ್ಟು ಕಷ್ಟಪಟ್ಟು ತೆರೆದ ಬಾಗಿಲು, ಅಯ್ಯೋ ದೇವರೇ, ಒಳಗಿನವರೇ ಮುಚ್ಚಿಕೊಂಡು ಕೂತಿದ್ದರು.

"ಬಾಗಿಲು ಬಿಡಿ," ಅಂತ ಅವಳು ಸಂದಿಗೆ ಬಾಯಿಟ್ಟು ಕೂಗಿದಳು. "ನಾನು ಕೀಲಿಯವಳು. ಒಬ್ಬಳೇ ಇದೀನಿ. ಬಂದು ನೀರು ತಗೊಳ್ಳಿ."

"ನಿನ್ನ ಹಿಂದೆ ಯಾರವ್ರೆ?" ಒಳಗಿನಿಂದ ಒಣಗಿದ ದನಿ. ಆಚೆಯೂರಿನ ಹಿರಿಯಳು.

"ಯಾರೂ ಇಲ್ಲ."

"ಆಣೆ ಮುರಿದೋಳ ಮಾತಿಗೆ ನಾವು ಕಲ್ಲು ಸರಿಸ್ಬೇಕಾ?"

ಬಾಗಿಲ ಬುಡದಲ್ಲಿ ಮಳೆನೀರು ಹರಿಯುವ ಒಂದು ಗಂಡಿ ಇತ್ತು. ಅವಳು ನೆಲದ ಮೇಲೆ ಮಂಡಿಯೂರಿದಳು. "ಕಲ್ಲು ಇರಲಿ. ಒಂದು ಚೊಂಬು ಆಚೆ ತಳ್ಳಿ, ತುಂಬಿ ಕೊಡ್ತೀನಿ. ಮಕ್ಕಳಿಗಾದ್ರೂ ಕುಡಿಸಿ."

ಒಳಗೆ ಗುಸುಗುಸು. ಆಮೇಲೆ ಗಂಡಿಯಿಂದ ಒಂದು ತಾಮ್ರದ ಚೊಂಬು ಉರುಳಿ ಬಂತು. ಅವಳು ಕೆರೆಗೆ ಓಡಿ, ತುಂಬಿಕೊಂಡು, ಚೆಲ್ಲದ ಹಾಗೆ ಓಡಿಬಂದಳು. ಗಂಡಿಯ ಹತ್ತಿರ ಹಿಡಿದಾಗ ಯಾವ ಕೈಯೂ ಮುಂದೆ ಬರಲಿಲ್ಲ.

"ಮೊದಲು ನೀನು ಕುಡಿ," ಅಂದಳು ಹಿರಿಯಳು. "ಏನು ಬೆರೆಸ್ಕೊಂಡು ಬಂದಿದೀಯೋ ಯಾರಿಗೆ ಗೊತ್ತು. ಅದೇ ಚೊಂಬಲ್ಲಿ ಕುಡಿ. ಬಾಯಿಟ್ಟು ಕುಡಿ, ಎತ್ತಿ ಸುರ್ಕೊಂಡು ಮೋಸ ಮಾಡ್ಬೇಡ. ಗಂಡಿಯಲ್ಲಿ ನೋಡ್ತಿರ್ತೀನಿ."

ಚೊಂಬಿನ ಕಂಠದಲ್ಲಿ ಕಷಾಯದ ಕರೆ ಅಂಟಿತ್ತು. ಎಷ್ಟು ಜ್ವರದ ತುಟಿ ಮುಟ್ಟಿದ ಚೊಂಬೋ ಅದು. ಕೀಲಿಯವ್ವ ತಲೆಯೆತ್ತಿ ಬಯಲಿನ ಆ ಕಡೆ ನೋಡಿದಳು. ಈಚೆಯೂರಿನ ಬಾಗಿಲು ಹಾರುಹೊಡೆದಿತ್ತು. ಅಪ್ಪಣೆ ಗಿಪ್ಪಣೆ ಗೊತ್ತಿಲ್ಲದ ಹೆಂಗಸರು ದಿನದ ಹಾಗೆ ಕೊಡ ಹೊತ್ತು ಹೊರಬರುತ್ತಿದ್ದರು. ಅವರ ನಡುವೆ ಒಬ್ಬಳು ತಲೆಗೆ ಬಟ್ಟೆ ಕಟ್ಟಿ, ಅರಿಶಿನದ ಸೀರೆಯುಟ್ಟು, ಎದೆಗೊಂದು ಗಂಟು ಅವುಚಿಕೊಂಡು ಮೆಲ್ಲಗೆ ಕೆರೆಯ ಕಡೆಗೆ ಬರುತ್ತಿದ್ದಳು. ಒಳಗಿನ ಬಾವಿಗೆ ಪೂಜೆ ಮಾಡು ಅಂದವರ ಮಾತು ಕೇಳದೆ, ಅವ್ವ ಕಾಯ್ತಿರ್ತಾಳೆ ಅಂತ ಹೊರಟುಬಂದಿದ್ದಳು.

ಚೊಂಬನ್ನು ಕೆಳಗಿಟ್ಟು ಎದ್ದು ಹೋಗಿದ್ದರೆ ಕೂಸು ಕೈಗೆ ಬರುತ್ತಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಬಾಗಿಲು ತೆರೆದಳು, ಅವರೇ ಬರಲಿಲ್ಲ, ಅವಳೇನು ಮಾಡಿಯಾಳು, ಅನ್ನುತ್ತಿದ್ದರು. ಕೀಲಿಯವ್ವ ಆ ಅರಿಶಿನದ ಸೀರೆಯನ್ನು ನೋಡುತ್ತಲೇ ಚೊಂಬನ್ನು ಬಾಯಿಗಿಟ್ಟಳು. ತುಟಿಯನ್ನು ಕಂಠಕ್ಕೆ ಒತ್ತಿ ಕುಡಿದಳು. ಗುಟುಕು ಗುಟುಕಾಗಿ, ಗಂಡಿಯೊಳಗಿನ ಕಣ್ಣಿಗೆ ಕಾಣುವ ಹಾಗೆ, ಅರ್ಧ ಚೊಂಬು ಕುಡಿದಳು.

ಒಳಗೆ ಮೊದಲು ಒಂದು ಕಲ್ಲು ಸರಿಯಿತು. ಆಮೇಲೆ ಒರಳು. ಕಲ್ಲು ಸರಿಸುವುದಕ್ಕೂ ಶಕ್ತಿಯಿಲ್ಲದವರು ಸರಿಸಿ, ನಿಂತು, ಉಸಿರೆಳೆದುಕೊಂಡು ಮತ್ತೆ ಸರಿಸಿದರು. ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು, ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಕಣ್ಣು ಗುಳಿಬಿದ್ದ ಜನ ಬಿಸಿಲಿಗೆ ಬಂದರು. ಹಿರಿಯಳು ಕೀಲಿಯವ್ವನ ಮುಂದೆ ನಿಂತು, ಅವಳ ಕೈಯಲ್ಲಿದ್ದ ಚೊಂಬನ್ನು ನೋಡಿ, ಕೊಡ ಹಿಡಿದು ಕೆರೆಗಿಳಿದಳು.

ಈಚೆಯೂರಿನ ಗೋಡೆಯ ಮೇಲೆ ಯಜಮಾನ ನಿಂತಿದ್ದ. ಅವನ ಕೆಳಗೆ ತೆರೆದ ಬಾಗಿಲಿನಲ್ಲಿ ಕಾವಲಿನವರು ಈಟಿ ಹಿಡಿದು ಅವನ ಕೈ ನೋಡುತ್ತಿದ್ದರು. ಎದುರೂರಿನ ಬಾಗಿಲು ಹಾಗೇ ತೆರೆದು ಬಿದ್ದಿತ್ತು, ತಡೆಯುವವರಿಲ್ಲ. ನಡುವೆ ಅವರದೇ ಹೆಂಡಿರು ಮಕ್ಕಳು ಕೊಡ ಹೊತ್ತು ನಿಂತಿದ್ದರು, ಬಾಗಿಲ ಆಚೆ ಜ್ವರವಿತ್ತು. ಜ್ವರಕ್ಕೆ ಯಾವ ಊರಿನ ಕೀಲಿಕೈಯೂ ಬೇಕಿಲ್ಲ ಅನ್ನುವುದು ಈಟಿ ಹಿಡಿದವರಿಗೂ ಗೊತ್ತಿತ್ತು. ಯಜಮಾನ ಕೈ ಎತ್ತಲೂ ಇಲ್ಲ, ಹೋಗಿ ಅನ್ನಲೂ ಇಲ್ಲ. ಮಾರನೇ ದಿನ ಅವನು ಏನು ಮಾಡಿದನೋ ನನಗೆ ಗೊತ್ತಿಲ್ಲ, ಅವತ್ತಂತೂ ಸುಮ್ಮನೆ ನಿಂತಿದ್ದ.

ಮಗಳು ಕೆರೆಯ ಏರಿ ದಾಟಿ ಅವ್ವನ ಕಡೆಗೇ ಬಂದಳು. ಮುಖದ ತುಂಬ ನಗು.

"ಅಲ್ಲೇ ನಿಲ್ಲು," ಅಂದಳು ಕೀಲಿಯವ್ವ.

"ಯಾಕವ್ವ? ತಗೋ, ಎತ್ಕೋ. ಯಾರ ಮೂಗು ಬಂದದೆ ನೋಡು."

"ನಿಲ್ಲು ಅಂದ್ನಲ್ಲ. ಇನ್ನೊಂದು ಹೆಜ್ಜೆ ಇಟ್ರೆ ನನ್ನಾಣೆ."

ಮಗಳು ನಿಂತಳು. ಅವ್ವನ ಹಿಂದೆ ನೆಲದ ಮೇಲೆ ಕುಸಿದು ಕೂತು ನೀರು ಕುಡಿಯುತ್ತಿದ್ದವರನ್ನು ನೋಡಿದಳು, ಅವ್ವನ ಕೈಯ ಚೊಂಬನ್ನು ನೋಡಿದಳು, ಒದ್ದೆ ತುಟಿಯನ್ನು ನೋಡಿದಳು. ಅವಳ ನಗು ಹೋಯಿತು. ಕೂಸಿನ ತಲೆಯ ಕುಲಾವಿ ಬಿಚ್ಚಿದಳು, ಸುತ್ತಿದ ಬಟ್ಟೆ ಬಿಚ್ಚಿದಳು, ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. ಕೂಸು ಕಣ್ಣು ಕಿವುಚಿಕೊಂಡು ಕಾಲು ಝಾಡಿಸಿತು.

ಕೀಲಿಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಂದೇ ಮೂಗು ಕಣೆ," ಅಂದಳು. "ಇನ್ನೊಂಚೂರು ಮೇಲೆ ಎತ್ತು, ಸರಿಯಾಗಿ ಕಾಣ್ತಿಲ್ಲ."